ಕರಗತೈತೇನ್ರೀ? ಇಲ್ಲ, ಪೂರ್ತಿ ಕರಗಲ್ಲ

ದಾಳಿಂಬೆ ಸಿಪ್ಪೆಯ ಪುಡಿ ಬೆರೆಸಿ ಪ್ಲಾಸ್ಟಿಕ್ ಮಾಡ್ತೀನಿ ಅಂದರೆ ಸಾಕು, ಬಾಗಲಕೋಟೆಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಅದು ಮಣ್ಣಾಗ ಕರಗತೈತೇನ್ರೀ?" ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇನ್ನು ಕೇಳಿದವರು ಇದನ್ನು ಓದಿಕೊಳ್ಳಲಿ.

ನೂರು ಗ್ರಾಂನಲ್ಲಿ 30 ಗ್ರಾಂ ಸಿಪ್ಪೆ, ಉಳಿದದ್ದು ಪಾಲಿಥೀನ್. ಪಾಲಿಥೀನ್ ಕರಗಲ್ಲ. ಸಿಪ್ಪೆಯೂ ಮೇಲ್ಮೈಯಲ್ಲಿ ಇದ್ದಷ್ಟನ್ನೇ ಮಣ್ಣಿನ ಜೀವಾಣುಗಳು ತಿನ್ನುತ್ತವೆ. ಒಳಗಿನ ಪುಡಿ ಪ್ಲಾಸ್ಟಿಕ್ ನಡುವೆ ಮುಚ್ಚಿಹೋಗಿರುತ್ತದೆ, ಅಲ್ಲಿಗೆ ದಾರಿಯೇ ಇಲ್ಲ. ಒಂದು ತುಂಡನ್ನು ತಿಪ್ಪೆಯಲ್ಲಿ ಹೂತು ಎಂಟು ತಿಂಗಳ ಮೇಲೆ ತೆಗೆದೆ. ಮೈಲಿ ಕಲೆಯ ಮುಖದ ಹಾಗೆ ಸಣ್ಣ ಸಣ್ಣ ಗುಳಿ. ಬಗ್ಗಿಸಿದರೆ ಲಟಕ್ಕನೆ ಮುರಿಯಿತು. ಮುರಿದದ್ದು ಕರಗಿದ್ದಲ್ಲ, ಸಣ್ಣ ಪ್ಲಾಸ್ಟಿಕ್ ಆಯಿತು, ಅಷ್ಟೇ. ಗೊಬ್ಬರವಾಗುತ್ತೆ ಅನ್ನಬೇಕಾದರೆ ಐಎಸ್ 17088 ಅಂತ ಒಂದು ಮಾನದಂಡ ಇದೆ. ಗೊಬ್ಬರದ ಬಿಸಿಯಲ್ಲಿ 180 ದಿನದೊಳಗೆ ಅದರ 90% ಇಂಗಾಲ ಅನಿಲವಾಗಿ ಹೋಗಬೇಕು. ನನ್ನದು ಅದರ ಹತ್ತಿರಕ್ಕೂ ಬರಲ್ಲ.

ಇದನ್ನೇ ಒಂದು ಮದುವೆ ಊಟದಲ್ಲಿ ಕಾಕಾಗೆ ಹೇಳಿದ್ದೆ. ಮಾದ್ಲಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಅಂದರು: "ಅರ್ಧಾ ಸಾಲ ತೀರಿಸಿದ್ರ ಪತ್ರಾ ವಾಪಸ್ ಕೊಡ್ತಾರೇನೋ ತಮ್ಮಾ?" ಇಡೀ ಪಂಕ್ತಿ ನಕ್ಕಿತು. ಮಾತು ಸರಿಯೇ, ಅದಕ್ಕೇ ಸಿಟ್ಟು ಜಾಸ್ತಿ ಬಂತು. ಅವರ ಮುಂದಿನ ಕಾಗದದ ತಾಟಿಗೆ ಒಳಗಡೆ ಪ್ಲಾಸ್ಟಿಕ್ ಪದರ ಇತ್ತು. ಅದು ಕರಗತೈತೇನು ಅಂತ ಯಾರೂ ಕೇಳಲಿಲ್ಲ, ಅಲ್ವಾ? ನಾನು ನೂರು ಗ್ರಾಂಗೆ 30 ಗ್ರಾಂ ಪಾಲಿಥೀನ್ ಬಳಕೆ ತಪ್ಪಿಸಿದವನು. ನನಗೇ ವಿಚಾರಣೆ.

ನಾನು ಮಾಡೋದು ನಾಲ್ಕು ವರ್ಷ ಬಾಳುವ ಗಿಡದ ಕುಂಡ. ಇವತ್ತು ಕುಡಿದು ನಾಳೆ ಎಸೆಯುವ ಲೋಟ ಮಾಡಿಕೊಡು ಅಂತ ಬಂದವರನ್ನು ವಾಪಸ್ ಕಳಿಸಿದ್ದೀನಿ.

ಕೇಳಲೇಬೇಕು ಅಂದರೆ, ಸಿಪ್ಪೆ ಹೆಂಗ ಒಣಗಿಸ್ತೀ ಅಂತ ಕೇಳಿ. ನನ್ನ ಜೀವ ಹೋಗಿರೋದು ಅಲ್ಲೇ. ಜ್ಯೂಸ್ ಅಂಗಡಿಯ ಸಿಪ್ಪೆ, ಹೊಲದ ಬದುವಿಗೆ ಸುರಿದ ಬಿರಿದ ಹಣ್ಣು, ಎಲ್ಲಾ ಹಸಿ. ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಸು. ಪುಡಿಯಲ್ಲಿ ಚೂರು ತೇವ ಉಳಿದರೂ ಯಂತ್ರದೊಳಗೆ ಆವಿಯಾಗಿ ಕುಂಡದ ತುಂಬಾ ಗುಳ್ಳೆ. ಶಾಖ 200 ಡಿಗ್ರಿ ದಾಟಿದರೆ ಮುಧೋಳ ಕಡೆಯ ಗಾಣದಲ್ಲಿ ಬೆಲ್ಲ ಸೀದ ಹಾಗೆ ವಾಸನೆ. ಮೇಲಾಗಿ ಸಿಪ್ಪೆ ನೀರು ಹೀರುತ್ತೆ, ಪಾಲಿಥೀನ್‌ಗೆ ನೀರು ಕಂಡರೆ ಆಗಲ್ಲ. ಇಬ್ಬರನ್ನೂ ಕೂಡಿಸೋಕೆ ಮೇಲಾಯಿಕ್ ಅನ್‌ಹೈಡ್ರೈಡ್ ಅನ್ನೋ ರಾಸಾಯನಿಕ ಹಿಡಿಸಿದ ಪಾಲಿಥೀನ್ ಒಂದಿಷ್ಟು ಹಾಕಬೇಕು. ಸಂಬಂಧ ಕುದುರಿಸುವ ಹಿರಿಯರಿದ್ದಂತೆ.

ಈ ಒಣಗಿಸೋ ಪ್ರಶ್ನೆ ಕೇಳಿದ್ದು ಇಲ್ಲಿಯವರೆಗೆ ದೊಡ್ಡವ್ವ ಒಬ್ಬಳೇ. ಕೇಳಿಯೂ ಸುಮ್ನೆ ಇರಲಿಲ್ಲ. ಮಾಳಿಗೆ ಹತ್ತಿ, ಶಂಡಿಗೆ ನೋಡುವ ಹಾಗೆ ಒಂದು ಸಿಪ್ಪೆ ಎತ್ತಿ ಕಿವಿ ಹತ್ತಿರ ಹಿಡಿದು ಮುರಿದಳು. "ಸಪ್ಪಳಾ ಬರವಲ್ದು. ಇನ್ನೂ ಎರಡ ಬಿಸಲ ಕೊಡ."