ಮಕ್ಕಳನ್ನ ಕರ್ಕೊಂಡು ಬರದೇ ಇದ್ದಿದ್ದು

"ಮಕ್ಕಳನ್ನ ಕರ್ಕೊಂಡು ಬರದೇ ಇದ್ದಿದ್ದೇ ಒಳ್ಳೇದಾಯ್ತು."

ಗೆಳತಿಯ ಗಂಡ ಕಾರಿನ ಬಾಗಿಲು ತೆಗೆಯುತ್ತಾ ಈ ಮಾತು ಹೇಳಿದರು. ಅವರ ಕಣ್ಣು ಇನ್ನೂ ಕೆಂಪಾಗಿತ್ತು. ಸಿನಿಮಾದ ಕೊನೆಯಲ್ಲಿ ಅವರು ಅತ್ತಿದ್ದನ್ನು ನಾನೇ ನೋಡಿದ್ದೆ.

"ಯಾಕ್ರೀ?" ಅಂದಳು ಗೆಳತಿ.

"ಸುಮ್ನೆ. ಇದೆಲ್ಲ ಈಗ್ಲೇ ಯಾಕೆ ಅಂತ."

"ದೊಡ್ಡವನಿಗೆ 15 ಆಯ್ತು ರೀ."

"ಅದಕ್ಕೇ ಹೇಳ್ತಿರೋದು."

ಅವನೂ ಬಂದಿದ್ದರೆ ಚೆನ್ನಾಗಿರ್ತಿತ್ತು ಅಂತ ನಾನು ಹಿಂದಿನ ಸೀಟಿನಿಂದ ಹೇಳಿದೆ. ಅವರು ಕನ್ನಡಿಯಲ್ಲೇ ನನ್ನ ನೋಡಿ ನಕ್ಕರು. "ನಿಮ್ಮನೇಲಿ ಇನ್ನೂ ಚಿಕ್ಕ ಮಕ್ಕಳು. ಮುಂದೆ ಗೊತ್ತಾಗುತ್ತೆ ಬಿಡಿ." ಆಮೇಲೆ ಮಾತು ಊಟ ಎಲ್ಲಿ ಮಾಡೋದು ಅನ್ನೋ ಕಡೆ ಹೋಯಿತು.

ಈ ವಾರ ಇಲ್ಲಿ ಹಾರ್ವಿ ಮಿಲ್ಕ್ ದಿನ ಇತ್ತು. ತಾನು ಸಲಿಂಗಿ ಅಂತ ಮುಚ್ಚಿಡದೆ ಹೇಳಿಕೊಂಡೇ ಚುನಾವಣೆ ಗೆದ್ದು, ಆಮೇಲೆ ಕೊಲೆಯಾದ ಸ್ಯಾನ್ ಫ್ರಾನ್ಸಿಸ್ಕೋದ ನಾಯಕ ಅವನು. ಮೇ 22, ಅವನು ಹುಟ್ಟಿದ ದಿನ. ಕ್ಯಾಲಿಫೋರ್ನಿಯಾದಲ್ಲಿ 2010ರಿಂದ ಆಚರಿಸುತ್ತಾರೆ. ಸ್ಯಾನ್ ಹೊಸೆ ಹತ್ತಿರದ ನಮ್ಮ ಲೈಬ್ರರಿಯಲ್ಲಿ ‘ಮಿಲ್ಕ್’ ಸಿನಿಮಾ ಹಾಕಿದ್ದರು. 2008ರ ಸಿನಿಮಾ, ಗಸ್ ವ್ಯಾನ್ ಸ್ಯಾಂಟ್ ನಿರ್ದೇಶನ. ಮಿಲ್ಕ್ ಆಗಿ ಶಾನ್ ಪೆನ್. ನಾವು ಮೂರು ಕನ್ನಡದ ಮನೆಯವರು ಹೋಗಿದ್ದೆವು. ಮಕ್ಕಳನ್ನು ಇನ್ನೊಬ್ಬರ ಮನೆಯಲ್ಲಿ ಬಿಟ್ಟಿದ್ದೆವು.

ಸಿನಿಮಾ ನೋಡೋದಕ್ಕಿಂತ ನೋಡುವವರನ್ನು ನೋಡೋದೇ ನನಗೆ ಆವತ್ತು ಜಾಸ್ತಿ ಆಯಿತು. ಶುರುವಿನಲ್ಲೇ ಹಳೆಯ ಕಪ್ಪು ಬಿಳುಪು ಚಿತ್ರಗಳು ಬರುತ್ತವೆ. ಬಾರ್‌ಗಳ ಮೇಲೆ ಪೊಲೀಸ್ ದಾಳಿ. ಒಳ್ಳೆ ಸೂಟು ಹಾಕಿದ ಗಂಡಸರು ಕ್ಯಾಮೆರಾ ಕಂಡ ಕೂಡಲೇ ಕೈಯಿಂದ ಮುಖ ಮುಚ್ಚಿಕೊಳ್ಳುತ್ತಾರೆ. ಆಗ ಹಾಲ್‌ನಲ್ಲಿ ಒಂದು ಕೆಮ್ಮೂ ಇಲ್ಲ. ಮಿಲ್ಕ್ ತನ್ನ ಗೆಳೆಯ ಸ್ಕಾಟ್‌ಗೆ ಮುತ್ತು ಕೊಟ್ಟಾಗ ಮಾತ್ರ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಕ್ಕದವರು ಗದರಿಸಿದರು. ಅದು ನಮ್ಮವರ ನಗುವೇ. ನನಗೆ ಗುರುತು ಸಿಕ್ಕಿತು.

ನಮ್ಮ ಮುಂದಿನ ಸಾಲಿನಲ್ಲಿ ಕೋಲು ಹಿಡಿದ ಒಬ್ಬ ಅಜ್ಜ ಕೂತಿದ್ದರು, ಇಲ್ಲಿಯವರೇ. ಬೇರೆ ಯಾರೂ ನಗದ ಕಡೆ ಅವರು ನಗುತ್ತಿದ್ದರು. ಪಾರ್ಕಿನಲ್ಲಿ ನಾಯಿ ಹೇಲಿದರೆ ಸಾಕಿದವರೇ ಎತ್ತಬೇಕು ಅನ್ನೋ ಕಾನೂನು ತಂದವನು ಮಿಲ್ಕ್. ಪತ್ರಕರ್ತರನ್ನು ಕರೆದು, ಬೇಕಂತಲೇ ಅದರ ಮೇಲೆ ಕಾಲಿಟ್ಟು, ಬೂಟು ಎತ್ತಿ ತೋರಿಸಿದ. ಆಗ ಅಜ್ಜ ಎಷ್ಟು ನಕ್ಕರು ಅಂದರೆ ಕೋಲು ಜಾರಿ ಕೆಳಗೆ ಬಿತ್ತು. ಗೆಳತಿಯ ಗಂಡನೇ ಬಗ್ಗಿ ಎತ್ತಿಕೊಟ್ಟರು.

ಅವರು ಅಂಥವರೇ. ನಮ್ಮ ಬಳಗದಲ್ಲಿ ಯಾರಿಗೆ ಹುಷಾರಿಲ್ಲ ಅಂದರೂ ಮೊದಲು ಸಾರು ಅನ್ನದ ಡಬ್ಬಿ ಹಿಡಿದು ಬರುವವರು ಅವರು. ಊರಿಂದ ಬಂದ ಅಪ್ಪ ಅಮ್ಮಂದಿರನ್ನು ಏರ್‌ಪೋರ್ಟಿನಿಂದ ಕರೆತರೋದು, ಹೊಸದಾಗಿ ಬಂದ ಹುಡುಗರಿಗೆ ಮನೆ ಹುಡುಕಿಕೊಡೋದು, ಎಲ್ಲ ಅವರೇ. ಅವರು ಒಳ್ಳೆಯವರು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಆ ಮಾತು ವಾರವಿಡೀ ನನ್ನ ತಲೆಯಲ್ಲಿ ಸುತ್ತುತ್ತಿರೋದು ಅದಕ್ಕೇ. ಕೆಟ್ಟವರು ಹೇಳಿದ್ದರೆ ಅಲ್ಲಿಗೇ ಬಿಟ್ಟುಬಿಡ್ತಿದ್ದೆ.

"15 ಆಯ್ತು." "ಅದಕ್ಕೇ ಹೇಳ್ತಿರೋದು."

ಅವರ ಕಡೆಯಿಂದಲೂ ಯೋಚಿಸಿದೆ. ಅಮೆರಿಕದಲ್ಲಿ ಈ ಸಿನಿಮಾಕ್ಕೆ ಆರ್ ರೇಟಿಂಗ್ ಇದೆ. 17 ತುಂಬದವರು ದೊಡ್ಡವರ ಜೊತೆ ಕೂತು ನೋಡಬೇಕು. ಬೈಗುಳ ಇದೆ, ಹಾಸಿಗೆಯ ದೃಶ್ಯ ಇದೆ. ಅಷ್ಟೇ ಕಾರಣ ಆಗಿದ್ದರೆ ನಾನೂ ತಲೆ ಆಡಿಸ್ತಿದ್ದೆ. ಆದರೆ ಇದೇ ಹುಡುಗನನ್ನು ಮಚ್ಚಿನಲ್ಲಿ ಸಾಲಾಗಿ ಕೊಚ್ಚೋ ಕನ್ನಡ ಸಿನಿಮಾಗೆ ಮೊದಲ ದಿನವೇ ಕರೆದುಕೊಂಡು ಹೋದವರು ಇವರೇ. ರಕ್ತ ನೋಡೋಕೆ 15 ಸಾಕಾಗುತ್ತೆ. ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಪ್ರೀತಿಸೋದು ನೋಡೋಕೆ 15 ಅಪಾಯದ ವಯಸ್ಸು. ಹೀಗೆ ಯೋಚಿಸೋದು ಅವರೊಬ್ಬರೇ ಅಲ್ಲ, ನಮ್ಮಲ್ಲಿ ತುಂಬಾ ಜನ.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡುತ್ತಿದೆ. ಅವರು ಆಗತಾನೇ ನೋಡಿ ಬಂದ ಸಿನಿಮಾದ ಜಗಳವೇ ಅದು. ಮಕ್ಕಳ ಹೆಸರಿನ ಜಗಳ. 1977ರಲ್ಲಿ ಫ್ಲೋರಿಡಾದಲ್ಲಿ ಅನಿಟಾ ಬ್ರಯಂಟ್ ಅನ್ನೋ ಗಾಯಕಿ ‘ನಮ್ಮ ಮಕ್ಕಳನ್ನು ಉಳಿಸಿ’ ಅಂತ ಚಳವಳಿ ಮಾಡಿದಳು. ಸಲಿಂಗಿಗಳಿಗೆ ಕೆಲಸ, ಮನೆ ನಿರಾಕರಿಸಬಾರದು ಅಂತ ಅಲ್ಲಿ ಇದ್ದ ಕಾನೂನನ್ನು ಜನರ ವೋಟಿನಿಂದಲೇ ತೆಗೆಸಿದಳು. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಬ್ರಿಗ್ಸ್ ಅನ್ನೋ ರಾಜ್ಯ ಸೆನೆಟರ್ ಪ್ರಪೊಸಿಷನ್ 6 ತಂದ. ಪ್ರಪೊಸಿಷನ್ ಅಂದರೆ ಜನರೇ ನೇರವಾಗಿ ವೋಟ್ ಹಾಕಿ ಬೇಕು, ಬೇಡ ಅನ್ನೋ ಪ್ರಸ್ತಾಪ. ಸಲಿಂಗಿಗಳು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಬಾರದು, ಅವರ ಪರ ಮಾತಾಡಿದ ಟೀಚರ್‌ಗಳೂ ಇರಬಾರದು. ಯಾಕೆ ಅಂದರೆ ಮಕ್ಕಳಿಗಾಗಿ.

ಮೂರು ಸಲ ಚುನಾವಣೆ ಸೋತು 1977ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನಗರ ಮಂಡಳಿಗೆ ಗೆದ್ದಿದ್ದ ಮಿಲ್ಕ್, ಇದರ ವಿರುದ್ಧ ರಾಜ್ಯ ಪೂರ್ತಿ ಓಡಾಡಿದ. ಅವನು ತನ್ನವರಿಗೆ ಹೇಳಿದ್ದು ಒಂದೇ ಮಾತು. ನೀವು ಯಾರು ಅಂತ ಮನೆಯಲ್ಲಿ ಹೇಳಿ. ಅಪ್ಪ ಅಮ್ಮನಿಗೆ ಹೇಳಿ, ನೆಂಟರಿಗೆ ಹೇಳಿ, ಕೆಲಸದ ಕಡೆ ಹೇಳಿ. ತಮ್ಮವರೊಬ್ಬರು ಅಂಥವರು ಅಂತ ಗೊತ್ತಾದರೆ ಜನ ನಮ್ಮ ವಿರುದ್ಧ ವೋಟ್ ಹಾಕಲ್ಲ. ಸಿನಿಮಾದಲ್ಲಿ ಒಬ್ಬ ಹುಡುಗನಿಗೆ ಎಲ್ಲರ ಮುಂದೆಯೇ ಅಪ್ಪನಿಗೆ ಫೋನ್ ಮಾಡು ಅನ್ನುತ್ತಾನೆ. ಆಗ ಇಡೀ ಹಾಲ್ ಕುರ್ಚಿಯಲ್ಲಿ ಅಲುಗಾಡಿತು. ಕುರ್ಚಿಗಳು ಕಿರುಗುಟ್ಟಿದವು. ಗುಂಡಿನ ಸದ್ದಿಗೂ ಜನ ಅಷ್ಟು ಕದಲಲಿಲ್ಲ.

ಮಿನೆಸೋಟಾದ ಹುಡುಗನ ಫೋನ್ ಬಂದಾಗಲೂ ಹಾಗೇ ಆಯಿತು. ನನ್ನನ್ನು ಸರಿ ಮಾಡಿಸೋಕೆ ಅಪ್ಪ ಅಮ್ಮ ಆಸ್ಪತ್ರೆಗೆ ಸೇರಿಸ್ತಾರಂತೆ ಅಂತ ಅವನು ಅಳುತ್ತಾನೆ. ಬಸ್ ಹತ್ತಿ ಯಾವುದಾದರೂ ದೊಡ್ಡ ಊರಿಗೆ ಹೊರಟುಬಿಡು ಅನ್ನುತ್ತಾನೆ ಮಿಲ್ಕ್. ಆಗಲ್ಲ ಅನ್ನುತ್ತಾನೆ ಹುಡುಗ. ಕ್ಯಾಮೆರಾ ಹಿಂದೆ ಸರಿದಾಗ ಗಾಲಿಕುರ್ಚಿ ಕಾಣುತ್ತೆ. "ಅಯ್ಯೋ" ಅಂತ ನಮ್ಮ ಸಾಲಿನಲ್ಲಿ ಮೊದಲು ಬಾಯಿಬಿಟ್ಟವರು ಗೆಳತಿಯ ಗಂಡ. ಆ ಮಗುವಿಗಾಗಿ ಅವರಿಗೆ ನಿಜವಾಗಿ ನೋವಾಯಿತು. ಪಾರ್ಕಿಂಗ್‌ಗೆ ಬರೋಷ್ಟರಲ್ಲಿ ಆ ಮಗುವೂ ಯಾರದೋ ಮನೆಯ ಹುಡುಗ ಅನ್ನೋದು ಹೇಗೆ ಮರೆತುಹೋಯಿತು?

ಸಿನಿಮಾ ಮುಗಿದ ಮೇಲೆ ಅರ್ಧ ಗಂಟೆ ಮಾತುಕತೆ ಇತ್ತು. ಕೆಲವರಿಗೆ ಕೊಂದವನ ಮೇಲೆ ಮರುಕ. ಪಾಪ, ಕೆಲಸ ಹೋಗಿತ್ತು, ತಲೆ ಕೆಟ್ಟಿತ್ತು ಅಂತ. ನನಗೆ ಆ ಮರುಕ ಹುಟ್ಟಲಿಲ್ಲ. ಡ್ಯಾನ್ ವೈಟ್ ಮಿಲ್ಕ್‌ನ ಜೊತೆಗೇ ಮಂಡಳಿಯಲ್ಲಿ ಇದ್ದವನು. 1978ರ ನವೆಂಬರ್ 27ರಂದು ಪಿಸ್ತೂಲು ಬಚ್ಚಿಟ್ಟುಕೊಂಡು ಸಿಟಿ ಹಾಲ್‌ಗೆ ಕಿಟಕಿಯಿಂದ ನುಗ್ಗಿದ. ಮೇಯರ್ ಜಾರ್ಜ್ ಮಾಸ್ಕೋನಿಯನ್ನು ಕೊಂದ. ಮತ್ತೆ ಗುಂಡು ತುಂಬಿಕೊಂಡು ಹೋಗಿ ಮಿಲ್ಕ್‌ನನ್ನು ಕೊಂದ. ಎರಡು ಕೊಲೆಗೆ ಸಿಕ್ಕಿದ್ದು 7 ವರ್ಷ 8 ತಿಂಗಳು. ಅದರಲ್ಲಿ ಜೈಲಿನಲ್ಲಿ ಕಳೆದಿದ್ದು ಸುಮಾರು ಐದು ವರ್ಷ. ಜ್ಯೂರಿಯವರು ಅವನಲ್ಲಿ ತಮ್ಮ ಮನೆ ಹುಡುಗನನ್ನು ಕಂಡರು ಅಂತ ನನಗೆ ಅನ್ನಿಸುತ್ತೆ. ಮಿಲ್ಕ್‌ನಲ್ಲಿ ಕಾಣಲಿಲ್ಲ.

ಆಮೇಲೆ ಕೋಲಿನ ಅಜ್ಜ ಎದ್ದು ನಿಂತರು. ಕೊಲೆಯಾದ ರಾತ್ರಿ ಸಾವಿರಾರು ಜನ ಸಲಿಂಗಿಗಳು ಹೆಚ್ಚಾಗಿದ್ದ ಕಾಸ್ಟ್ರೋ ಬೀದಿಯಿಂದ ಸಿಟಿ ಹಾಲ್‌ವರೆಗೆ ಮೇಣದ ಬತ್ತಿ ಹಿಡಿದು ನಡೆದಿದ್ದರಲ್ಲ, ಅದರಲ್ಲಿ ಅವರೂ ಇದ್ದರಂತೆ. ಆದರೆ ಅವರು ಅದರ ಬಗ್ಗೆ ಜಾಸ್ತಿ ಹೇಳಲಿಲ್ಲ. ಹೇಳಿದ್ದು ಅದಕ್ಕೂ ಕೆಲವು ವಾರ ಮುಂಚಿನ ಕಥೆ. ಮಿಲ್ಕ್ ಹೇಳಿದ ಅಂತ ಅವರು ಊರಿಗೆ ಫೋನ್ ಮಾಡಿದರಂತೆ. ಅಪ್ಪ ಏನೂ ಮಾತಾಡದೆ ಫೋನ್ ಇಟ್ಟುಬಿಟ್ಟರು. ನಾಲ್ಕು ದಿನ ಬಿಟ್ಟು ಅಮ್ಮ ಫೋನ್ ಮಾಡಿ, ನಾನು 6ಕ್ಕೆ ಬೇಡ ಅಂತ ವೋಟ್ ಹಾಕ್ತೀನಿ ಅಂದರು. "ಅಪ್ಪ ಏನು ಹಾಕಿದರೋ ನಾನು ಕೇಳಲೇ ಇಲ್ಲ" ಅಂದರು ಅಜ್ಜ. ಆ ಪ್ರಪೊಸಿಷನ್ ಹತ್ತು ಲಕ್ಷಕ್ಕೂ ಜಾಸ್ತಿ ವೋಟಿನಿಂದ ಸೋತಿತು. ಅದರಲ್ಲಿ ಇಂಥ ಎಷ್ಟು ಅಮ್ಮಂದಿರಿದ್ದರೋ.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಗೆಳತಿಯ ಗಂಡ. ಎದ್ದು ನಿಂತು ತಟ್ಟಿದರು.

ಈ ಸಿನಿಮಾಕ್ಕೂ ನಮ್ಮ ಮೈಸೂರಿನ ಮನೆಗೂ ಒಂದು ಹಳೆಯ ನೆನಪಿದೆ. 2009ರ ಫೆಬ್ರವರಿ. ರೆಹಮಾನ್‌ಗೆ ಎರಡು ಆಸ್ಕರ್ ಬಂದ ವರ್ಷ. ಬೆಳಗ್ಗೆ ನೋಡೋಕೆ ಆಗದವರೆಲ್ಲ ಸಂಜೆ ಮರುಪ್ರಸಾರಕ್ಕೆ ಕೂತಿದ್ದೆವು. ಅಪ್ಪ, ಅಮ್ಮ, ಚಿಕ್ಕಮ್ಮ, ಚಿಕ್ಕಮ್ಮನ ಮಗ. ಮಿಲ್ಕ್‌ನ ಕಥೆ ಬರೆದ ಡಸ್ಟಿನ್ ಲ್ಯಾನ್ಸ್ ಬ್ಲ್ಯಾಕ್‌ಗೂ, ಶಾನ್ ಪೆನ್‌ಗೂ ಅವತ್ತೇ ಪ್ರಶಸ್ತಿ ಬಂತು. ಅವರು ಮಾತಾಡುವಾಗ ನಡುನಡುವೆ ಶಬ್ದ ಹೋಗುತ್ತಿತ್ತು. ಬಾಯಿ ಆಡ್ತಿತ್ತು, ಏನೂ ಕೇಳಿಸ್ತಿರಲಿಲ್ಲ. ಕೇಬಲ್ ಹಾಳಾಗಿದೆ ಅಂತ ಅಪ್ಪ ಎದ್ದು ಟಿವಿ ಹಿಂದಿನ ವೈರ್ ಅಲ್ಲಾಡಿಸಿದರು. ಆಮೇಲೆ ಪೇಪರ್‌ನಲ್ಲಿ ಬಂತು. ಗೇ, ಲೆಸ್ಬಿಯನ್ ಅನ್ನೋ ಪದ ಬಂದಾಗೆಲ್ಲ ಚಾನೆಲ್‌ನವರೇ ಶಬ್ದ ತೆಗೆದಿದ್ದರು.

ಅವತ್ತು ಬ್ಲ್ಯಾಕ್ ಮಾತಾಡಿದ್ದು ಯಾರ ಜೊತೆ ಗೊತ್ತಾ? ಮಕ್ಕಳ ಜೊತೆ. ಮಾರ್ಮನ್ ಅನ್ನೋ ಸಂಪ್ರದಾಯಸ್ಥ ಚರ್ಚಿನವರ ಮನೆಯಲ್ಲಿ ಬೆಳೆದ ಅವನು ಮಿಲ್ಕ್‌ನ ಕಥೆ ಕೇಳಿದ್ದು 13ನೇ ವಯಸ್ಸಿನಲ್ಲಿ. ಮುಂದೊಂದು ದಿನ ತಾನೂ ಇರೋ ಹಾಗೇ ಬದುಕಬಹುದು ಅನ್ನೋ ಧೈರ್ಯ ಅದರಿಂದ ಬಂತು ಅಂದ. ಚರ್ಚು, ಸರ್ಕಾರ, ಮನೆಯವರು ನಿಮ್ಮನ್ನು ಕಡಿಮೆ ಅಂದಿರಬಹುದು, ಆದರೆ ನಿಮಗೆ ಬೆಲೆ ಇದೆ ಅಂತ ಟಿವಿ ನೋಡ್ತಿರೋ ಮಕ್ಕಳಿಗೆ ಹೇಳಿದ. ಯಾವ ಮಕ್ಕಳಿಗೆ ಹೇಳ್ತಿದ್ದಾನೆ ಅನ್ನೋ ಪದವೇ ನಮ್ಮ ಮನೆಯಲ್ಲಿ ಕೇಳಿಸಲಿಲ್ಲ.

ಚಿಕ್ಕಮ್ಮನ ಮಗನಿಗೆ ಆಗ 16. ಅವನು ಸೋಫಾದ ತುದಿಯಲ್ಲಿ ಕೂತಿದ್ದ. ನನಗೆ ವಿಷಯ ಹೇಳಿದ್ದು 30 ದಾಟಿದ ಮೇಲೆ. ಅಷ್ಟೊತ್ತಿಗೆ ಚಿಕ್ಕಮ್ಮ ಸಾಲು ಸಾಲು ಜಾತಕ ನೋಡಿ ಆಗಿತ್ತು. ಅಷ್ಟು ವರ್ಷ ಯಾರಿಗೂ ಹೇಳಲಿಲ್ಲವಾ ಅಂತ ಕೇಳಿದರೆ, "ಅಕ್ಕಾ, ಮನೇಲಿ ಒಂದಿನವಾದ್ರೂ ಈ ಮಾತು ಬಂದಿದ್ರೆ ಹೇಳ್ತಿದ್ನೇನೋ. ಬರಲೇ ಇಲ್ಲ" ಅಂದ. ಅವನು ಯಾರ ಮೇಲೂ ಸಿಟ್ಟಿನಿಂದ ಹೇಳಲಿಲ್ಲ. ನನಗೇ ಸಿಟ್ಟು ಬಂತು. ಈಗಲೂ ಇದೆ.

‘ಮಿಲ್ಕ್’ ಸ್ಯಾನ್ ಫ್ರಾನ್ಸಿಸ್ಕೋದ ಕಾಸ್ಟ್ರೋ ಥಿಯೇಟರ್‌ನಲ್ಲಿ ಮೊದಲು ತೆರೆ ಕಂಡಿದ್ದು 2008ರ ಅಕ್ಟೋಬರ್ 28ರಂದು. ಒಂದೇ ವಾರಕ್ಕೆ, ನವೆಂಬರ್ 4ಕ್ಕೆ, ಕ್ಯಾಲಿಫೋರ್ನಿಯಾ ಪ್ರಪೊಸಿಷನ್ 8ಕ್ಕೆ ಹೂಂ ಅಂದು ಸಲಿಂಗ ಮದುವೆ ನಿಲ್ಲಿಸಿತು. ಒಬಾಮ ಗೆದ್ದ ದಿನವೇ. ಅದರ ಟಿವಿ ಜಾಹೀರಾತಿನಲ್ಲಿ ಒಂದು ಪುಟ್ಟ ಹುಡುಗಿ ಶಾಲೆಯಿಂದ ಓಡಿ ಬಂದು, ರಾಜಕುಮಾರ ರಾಜಕುಮಾರನನ್ನೇ ಮದುವೆಯಾಗಬಹುದು ಅಂತ ಇವತ್ತು ಕಲಿತೆ ಅನ್ನುತ್ತಾಳೆ. ಮತ್ತೆ ಮಕ್ಕಳೇ. 1977, 1978, 2008, ಈ ವಾರದ ಪಾರ್ಕಿಂಗ್. ದೊಡ್ಡವರಿಗೆ ಭಯ ಆದಾಗೆಲ್ಲ ಮಕ್ಕಳನ್ನು ಮುಂದೆ ನಿಲ್ಲಿಸುತ್ತೇವೆ. ಆ ಮಕ್ಕಳಲ್ಲೇ ಕೆಲವರು ಅಂಥವರು ಅನ್ನೋದು ನಮ್ಮ ಲೆಕ್ಕದಲ್ಲೇ ಇಲ್ಲ. ಗೆಳತಿಯ ಮಗ ಯಾರನ್ನು ಪ್ರೀತಿಸ್ತಾನೋ ನನಗೆ ಗೊತ್ತಿಲ್ಲ, ಅದು ನನ್ನ ವಿಷಯವೂ ಅಲ್ಲ. ಯಾರನ್ನೇ ಪ್ರೀತಿಸಲಿ, ಅಪ್ಪ ಈ ಸಿನಿಮಾ ನೋಡಿ ಅತ್ತರು ಅನ್ನೋದು ಅವನಿಗೆ ಗೊತ್ತಿರಬೇಕಿತ್ತು. ಹಾಲ್‌ನಲ್ಲಿ ಕತ್ತಲೆಯಲ್ಲಿ ಬಂದ ಆ ಕಣ್ಣೀರು ಅವನಿಗೆ ಸೇರಬೇಕಾದದ್ದು.

ನಿನ್ನೆ ಗೆಳತಿ ಫೋನ್ ಮಾಡಿದ್ದಳು. ಅವಳಿಗೂ ಆ ಮಾತು ಬಿಟ್ಟಿಲ್ಲ. ಹಾರ್ವಿ ಮಿಲ್ಕ್ ಯಾರು ಗೊತ್ತಾ ಅಂತ ಮಗನನ್ನು ಕೇಳಿದಳಂತೆ. ಅವನು ಒಂದೇ ಉಸಿರಿಗೆ ಎಲ್ಲ ಹೇಳಿದ. ಕಾಸ್ಟ್ರೋದಲ್ಲಿ ಮಿಲ್ಕ್ ಇಟ್ಟಿದ್ದ ಕ್ಯಾಮೆರಾ ಅಂಗಡಿ, ಬ್ರಿಗ್ಸ್, ಡ್ಯಾನ್ ವೈಟ್, ಎಲ್ಲ. ಸಲಿಂಗಿಗಳ ಕೊಡುಗೆಯನ್ನೂ ಇತಿಹಾಸದ ಪಾಠದಲ್ಲಿ ಹೇಳಬೇಕು ಅಂತ ಇಲ್ಲಿ 2011ರಲ್ಲೇ ಕಾನೂನು ಬಂದಿದೆ, ಸ್ಕೂಲಿನಲ್ಲಿ ಓದಿದ್ದಾನೆ. ಮನೇಲಿ ಯಾಕೋ ಹೇಳಲಿಲ್ಲ ಅಂದಿದ್ದಕ್ಕೆ, "ಅಪ್ಪಂಗೆ ಈ ಟಾಪಿಕ್ ಇಷ್ಟ ಆಗಲ್ಲ ಅಲ್ವಾ" ಅಂದನಂತೆ.

ಇದನ್ನು ಗಂಡನಿಗೆ ಹೇಳಿದರೆ, "ನೋಡು, ಸ್ಕೂಲಲ್ಲೇ ಹೇಳ್ಕೊಡ್ತಾರೆ. ಇನ್ನು ನಾವ್ಯಾಕೆ?" ಅಂದರಂತೆ.

ಆ ಅಜ್ಜ ಫೋನ್ ಮಾಡಿದ್ದು ಸ್ಕೂಲಿಗಲ್ಲ, ಮನೆಗೆ ಅಂತ ನಾನು ಅವಳಿಗೆ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ. ಶನಿವಾರ ಅವರ ಮನೆಯಲ್ಲೇ ಮತ್ತೆ ಸಿನಿಮಾ ಹಾಕೋದು ಅಂತ ಮಾತಾಯಿತು. ದೊಡ್ಡ ಹುಡುಗ ಇರ್ತಾನೆ. ನಾನೂ ಹೋಗ್ತೀನಿ, ಚಿತ್ರಾನ್ನ ನನ್ನ ಪಾಲು.

"ಅವರೂ ಕೂತ್ಕೋತಾರಾ?" ಅಂತ ಕೇಳಿದೆ.

"ಕೂರಿಸ್ತೀನಿ" ಅಂದಳು.