ಸಾದೊ ದ್ವೀಪದ ಗದ್ದೆಯ ಬದುವಿನಲ್ಲಿ

ಕಳೆದ ಶನಿವಾರ ಜಪಾನಿನ ಸಾದೊ ದ್ವೀಪದಲ್ಲಿ ಕೇಳಿದ ಒಂದು ಮಾತು ಈ ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. ಕುನಿನಾಕ ಬಯಲಿನಲ್ಲಿ ಆಗಷ್ಟೇ ನಾಟಿ ಮುಗಿದಿದ್ದ ಗದ್ದೆಯೊಂದರಲ್ಲಿ ತೋಕಿ ಎಂಬ ಐಬಿಸ್ ಜಾತಿಯ ಎರಡು ಹಕ್ಕಿಗಳು ಮೇಯುತ್ತಿದ್ದವು. ನಾಟಿಯ ಕಷ್ಟ ಬಲ್ಲ ಮನೆಯಲ್ಲಿ ಹುಟ್ಟಿದವಳಾದ್ದರಿಂದ, ಹಕ್ಕಿಗಿಂತ ಮೊದಲು ಅದರ ಕಾಲಡಿಯ ಪೈರು ನನ್ನ ಕಣ್ಣಿಗೆ ಬಿತ್ತು. "ಇವು ಪೈರನ್ನು ತುಳಿಯುವುದಿಲ್ಲವೇ?" ಎಂದು ಕಾರಿನ ಕಿಟಕಿಯಿಂದಲೇ ಬದುವಿನ ಮೇಲಿದ್ದ ಹಿರಿಯರನ್ನು ಕೇಳಿದೆ. "ತುಳಿಯುತ್ತವೆ. ತುಳಿದಲ್ಲಿ ಮತ್ತೆ ನೆಡುತ್ತೇನೆ" ಎಂದ ಅವರು, ಗದ್ದೆಯ ಮೂಲೆಯಲ್ಲಿ ಕೆಸರಿಗೆ ಒತ್ತಿಟ್ಟಿದ್ದ ಸಸಿಯ ಕಂತೆಯತ್ತ ಕೈ ತೋರಿಸಿದರು.

ತೋಕಿಯೆಂದರೆ ನಸುಗೆಂಪು ಛಾಯೆಯ ಬಿಳಿ ಹಕ್ಕಿ ಎಂದುಕೊಂಡಿದ್ದ ನನಗೆ ಕಂಡದ್ದು ಬೂದಿ ಬಳಿದಂತಹ ಬೆನ್ನು. ಮರಿ ಮಾಡುವ ಕಾಲದಲ್ಲಿ, ಕತ್ತಿನ ಚರ್ಮದಿಂದ ಬರುವ ಕಪ್ಪು ಪದಾರ್ಥವನ್ನು ಅದು ಮಿಂದ ಮೇಲೆ ತಾನೇ ಗರಿಗಳಿಗೆ ಉಜ್ಜಿಕೊಳ್ಳುತ್ತದೆ. ಮುಖ ಮಾತ್ರ ಕಡುಗೆಂಪು. ಬಾಗಿದ ಕರಿ ಕೊಕ್ಕನ್ನು ಕೆಸರಿಗಿಳಿಸಿ, ಎರಡು ಹೆಜ್ಜೆಯಿಟ್ಟು, ಮತ್ತೆ ಇಳಿಸಿ, ಬೆರಳುದ್ದದ ಮೀನೊಂದನ್ನು ಎಳೆದು ತೆಗೆಯಿತು. ಅಷ್ಟರಲ್ಲಿ ನಮ್ಮ ಹಿಂದಿನ ಕಾರಿನ ಯುವಕನೊಬ್ಬ ಕ್ಯಾಮೆರಾ ಹಿಡಿದು ಇಳಿದೇಬಿಟ್ಟ. ಕಾರಿನೊಳಗಿಂದಲೇ ನೋಡಿ ಎಂದು ದ್ವೀಪದವರು ಬೇಡಿಕೊಳ್ಳುವುದು ಯಾರಿಗಾಗಿ? ಹಕ್ಕಿಗಳು ಎದ್ದು ಹಾರಿದಾಗ ರೆಕ್ಕೆಯಡಿಯ ಗುಲಾಬಿ ಬಣ್ಣ ಕ್ಷಣಮಾತ್ರ ಹೊಳೆಯಿತು. ಅವನ ಮೇಲಿನ ಸಿಟ್ಟಿನಲ್ಲಿ ನಾನು ಅದನ್ನೂ ಸರಿಯಾಗಿ ನೋಡಲಿಲ್ಲ.

ಒಂದು ಕಾಲಕ್ಕೆ ತಾನೇ ಒಂದು ಪ್ರಾಂತವಾಗಿದ್ದ ಈ ದ್ವೀಪ ಈಗ ನಿಗಾತ ಆಡಳಿತಕ್ಕೆ ಸೇರಿದೆ. 1221ರಲ್ಲಿ ದೊರೆ ಜುಂತೊಕು, 1271ರಲ್ಲಿ ಬೌದ್ಧ ಗುರು ನಿಚಿರೆನ್, 1434ರಲ್ಲಿ ನಾಟಕಕಾರ ಜೆಯಾಮಿ ಗಡೀಪಾರಾಗಿ ಬಂದು ನಿಂತ ನೆಲವಿದು. ದೂರದಿಂದ ತಳ್ಳಲ್ಪಟ್ಟವರಿಗೆ ತಾವು ಕೊಟ್ಟ ಈ ನೆಲದಲ್ಲಿ, ಇಲ್ಲಿಯದೇ ಆದ ತೋಕಿಗೆ ಮಾತ್ರ ಕೊನೆಗೆ ಜಾಗವಿಲ್ಲದಂತಾಯಿತು. 1981ರಲ್ಲಿ ಕಾಡಿನಲ್ಲಿ ಉಳಿದಿದ್ದ ಐದನ್ನೂ ಸಂತತಿ ಉಳಿಸಲೆಂದು ಹಿಡಿದು ಪಂಜರಕ್ಕೆ ತಂದರು. ಅದಕ್ಕೂ ಮೊದಲು, 1968ರಲ್ಲಿ, ಉಜಿ ಕಿಂತಾರೊ ಎಂಬವರು ದಿನವೂ ಮೀನು ತಿನ್ನಿಸಿ ನಂಬಿಸಿದ್ದ ಹಕ್ಕಿಯೊಂದನ್ನು ತಾವೇ ಕೈಯಾರೆ ಹಿಡಿದು ಒಪ್ಪಿಸಬೇಕಾಯಿತು. ಅದಕ್ಕೆ ಅವರ ಹೆಸರಿನಿಂದಲೇ ಕಿನ್ ಎಂದು ಕರೆದರು. ಜಪಾನಿನ ಮೂಲ ಸಂತತಿಯ ಕೊನೆಯ ತೋಕಿಯಾಗಿ ಕಿನ್ 2003ರಲ್ಲಿ ಸತ್ತಿತು. ಬೇರೆ ದಾರಿಯಿರಲಿಲ್ಲ ಎನ್ನುವುದು ನಿಜವಿರಬಹುದು. ಆದರೂ ಒಬ್ಬ ಮನುಷ್ಯ ಗಳಿಸಿದ ನಂಬಿಕೆಯನ್ನೇ ಬಲೆಯಾಗಿ ಬಳಸಿದ್ದನ್ನು ನನ್ನ ಮನಸ್ಸು ಒಪ್ಪುವುದಿಲ್ಲ.

ನಾನು ಕಂಡವು 1999ರಲ್ಲಿ ಚೀನಾ ಕೊಟ್ಟ ಜೋಡಿಯ ನಂತರ ಬೆಳೆದ ಸಂತತಿಯವು. 2008ರ ಸೆಪ್ಟೆಂಬರಿನಲ್ಲಿ ಹತ್ತು ಹಕ್ಕಿಗಳನ್ನು ಬಯಲಿಗೆ ಬಿಟ್ಟರು. ಇಂದು ಅವು ನೂರಾರು. ಹಕ್ಕಿ ಬಿಟ್ಟ ಮಾತ್ರಕ್ಕೆ ಉಳಿಯುವುದಿಲ್ಲ, ಅದಕ್ಕೆ ಮೀನು, ಕಪ್ಪೆ, ಹುಳು ಬೇಕು. ಅದಕ್ಕಾಗಿ ಇಲ್ಲಿನ ಅನೇಕ ರೈತರು ಕೀಟನಾಶಕವನ್ನು ಅರ್ಧಕ್ಕಿಳಿಸಿ, ಗದ್ದೆಯ ಅಂಚಿನಲ್ಲಿ 'ಎ' ಎಂಬ ಕಾಲುವೆ ತೋಡಿ, ಗದ್ದೆಯ ನೀರು ಬಸಿದಾಗಲೂ ಅದರಲ್ಲಿ ಮಾತ್ರ ನೀರು ನಿಲ್ಲುವಂತೆ ನೋಡಿಕೊಳ್ಳುತ್ತಾರೆ.

"ತುಳಿದಲ್ಲಿ ಮತ್ತೆ ನೆಡುತ್ತೇನೆ." ಆ ದನಿಯಲ್ಲಿ ದೂರೂ ಇರಲಿಲ್ಲ, ಹೆಚ್ಚುಗಾರಿಕೆಯೂ ಇರಲಿಲ್ಲ. ಯುವಕ ಹೊರಟುಹೋದ ಮೇಲೆ ಹಿರಿಯರು ಕಂತೆಯಿಂದ ಹಿಡಿಯಷ್ಟು ಸಸಿ ಕಿತ್ತುಕೊಂಡು ಗದ್ದೆಗಿಳಿದರು. ಹಕ್ಕಿಯ ಹೆಜ್ಜೆ ಊರಿದ್ದಲ್ಲಿ ಬಾಗಿ, ಮೂರು ಬೆರಳಿನಿಂದ ಒಂದೊಂದೇ ಬುಡವನ್ನು ಕೆಸರಿಗೆ ಒತ್ತುತ್ತಾ ಮುಂದಕ್ಕೆ ಹೋದರು.