ನಂದಿ ಬೆಟ್ಟದಲ್ಲಿ ಸೈಕಲ್ ಅದಲುಬದಲು

ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಬುಡದಲ್ಲಿ ನಾನೂ ಗೆಳೆಯನೂ ಸೈಕಲ್ ಬದಲಾಯಿಸಿಕೊಂಡೆವು. ಇಬ್ಬರೂ ಒಂದೇ ಎತ್ತರ, ಹಾಗಾಗಿ ಸೀಟು ಏರಿಸಿ ಇಳಿಸುವ ಕೆಲಸವೂ ಇರಲಿಲ್ಲ.

ಅವನದು ಹೊಸ ಕಾರ್ಬನ್ ಸೈಕಲ್, ಏಳೂವರೆ ಕಿಲೋ. ರೇಸ್‌ಗಳಲ್ಲಿ 6.8 ಕಿಲೋಗಿಂತ ಹಗುರವಾದ ಸೈಕಲ್ ಓಡಿಸಬಾರದು ಎಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ದಲ್ಲಿ ನಿಯಮ ತಂದಿದೆ. ಅದಕ್ಕೆ ಹತ್ತಿರದ ತೂಕವೇ. ನನ್ನದು 1980ರ ದಶಕದ ಸ್ಟೀಲ್ ಸೈಕಲ್, ರೆನಾಲ್ಡ್ಸ್ ಕಂಪನಿಯ 531 ಎಂಬ ಉಕ್ಕಿನ ಕೊಳವೆಯದು, ಹತ್ತು ಕಿಲೋ.

ಏರು ಶುರುವಾದ ಕೂಡಲೇ ಕಾರ್ಬನ್ ಏನು ಅಂತ ಗೊತ್ತಾಯಿತು. ತಿರುವು ದಾಟಿ ಎದ್ದು ನಿಂತು ತುಳಿದರೆ ಸೈಕಲ್ ಥಟ್ಟನೆ ಮುಂದೆ ಹೋಗುತ್ತದೆ. ನಿಜವಾಗಿಯೂ ಖುಷಿ ಕೊಡುವ ಅನುಭವ ಅದು. ಆದರೆ ಲೆಕ್ಕ ಹಾಕಿ ನೋಡಿ. ನಾನು, ನೀರಿನ ಬಾಟಲಿ, ಸೈಕಲ್ ಎಲ್ಲ ಸೇರಿ ಎಂಬತ್ತು ಕಿಲೋ ದಾಟುತ್ತೇವೆ. ಅದರಲ್ಲಿ ಎರಡೂವರೆ ಕಿಲೋ ಅಂದರೆ ನೂರಕ್ಕೆ ಮೂರು ಪಾಲು. ನಲವತ್ತು ನಿಮಿಷದ ಏರಿನಲ್ಲಿ ಉಳಿಯುವುದು ಒಂದು ನಿಮಿಷ ಚಿಲ್ಲರೆ. ರೇಸಿನವರಿಗೆ ಅದು ದೊಡ್ಡದು. ನನಗೆ?

ಮೇಲೆ ಟೀ ಕುಡಿಯುತ್ತಾ ಗೋಡೆಗೆ ಒರಗಿಸಿದ್ದ ನನ್ನ ಸೈಕಲ್ಲನ್ನೇ ನೋಡುತ್ತಿದ್ದೆ. ತೆಳ್ಳಗಿನ ನೇರ ಕೊಳವೆಗಳು. ಅವು ಕೂಡುವ ಕಡೆ ಲಗ್‌ಗಳು, ಅಂದರೆ ಕೊಳವೆಗಳ ತುದಿಗೆ ತೊಡಿಸುವ ಲೋಹದ ಜೋಡಣೆಗಳು, ಅವುಗಳ ಅಂಚು ಎಲೆಯ ತುದಿಯ ಹಾಗೆ ಚೂಪು. ಈ ಲಗ್ ಸುಮ್ನೆ ಶೋಕಿಗೆ ಬಂದದ್ದಲ್ಲ. 1935ರಲ್ಲಿ ಬಂದ ಆ 531 ಉಕ್ಕಿನ ತೆಳು ಕೊಳವೆಗಳನ್ನು ಜಾಸ್ತಿ ಶಾಖದಲ್ಲಿ ವೆಲ್ಡ್ ಮಾಡಿದರೆ ಬಲ ಕುಗ್ಗುತ್ತದೆ. ಅದಕ್ಕೇ ಲಗ್ ತೊಡಿಸಿ, ಕಡಿಮೆ ಶಾಖದಲ್ಲಿ ಹಿತ್ತಾಳೆ ಕರಗಿಸಿ ಬೆಸೆಯುತ್ತಿದ್ದರು. ಅಗತ್ಯಕ್ಕೆ ಬಂದದ್ದನ್ನೇ ಕುಶಲಕರ್ಮಿಗಳು ಅರ ಹಿಡಿದು ಚೆಂದ ಮಾಡಿದರು. ನನಗೆ ಇಷ್ಟವಾಗುವುದು ಈ ಬಗೆಯ ಚೆಲುವು.

ವಾಪಸು ಬರುವಾಗ ಅವರವರ ಸೈಕಲ್ ಹತ್ತಿದೆವು. ದೇವನಹಳ್ಳಿ ಹತ್ತಿರ ಅವನ ಹಿಂದಿನ ಗೇರ್ ಕೇಬಲ್ ತುಂಡಾಯಿತು. ಚೈನು ಹಿಂದಿನ ಅತಿ ಚಿಕ್ಕ ಹಲ್ಲಿನ ಚಕ್ರಕ್ಕೆ ಇಳಿದು ಅಲ್ಲೇ ಉಳಿಯಿತು. ನನ್ನ ಚೀಲದಲ್ಲಿ ಹೊಸ ಕೇಬಲ್ ಇತ್ತು. ನನ್ನ ಸೈಕಲ್ಲಿನಲ್ಲಿ ಕೇಬಲ್ ಕೊಳವೆಯ ಹೊರಗೇ ಓಡುತ್ತದೆ, ರಸ್ತೆ ಬದಿಯಲ್ಲೇ ಹಾಕಬಹುದು. ಅವನದರಲ್ಲಿ ಒಂದು ವೈರೂ ಕಾಣಬಾರದು ಅಂತ ಹ್ಯಾಂಡಲ್‌ನಿಂದಲೇ ಒಳಗೆ ತೂರಿಸಿದ್ದಾರೆ. ನೋಟಕ್ಕೆ ತುಂಬಾ ನೀಟು, ಒಪ್ಪುತ್ತೇನೆ. ಆದರೆ ಅದನ್ನು ಬಿಚ್ಚಿ ಹೊಸದು ತೂರಿಸುವುದು ರಸ್ತೆ ಬದಿಯ ಕೆಲಸ ಅಲ್ಲ. ಪಾಪ, ಯಲಹಂಕದ ಫ್ಲೈಓವರ್‌ಗಳನ್ನೆಲ್ಲ ಅವನು ಆ ಭಾರದ ಗೇರಿನಲ್ಲೇ ತುಳಿದ.

ಹಗುರ ಬೇಡ ಅಂತ ನಾನು ಹೇಳುವುದಿಲ್ಲ. ಮೂರನೇ ಮಹಡಿಗೆ ಹೆಗಲ ಮೇಲೆ ಹೊತ್ತು ಹತ್ತುವಾಗ ಆ ಎರಡೂವರೆ ಕಿಲೋ ನನಗೂ ಬೇಡ. ಆದರೂ ಮಳೆಗಾಲಕ್ಕೆ ಮಡ್‌ಗಾರ್ಡ್ ಹಾಕಿಸುತ್ತಿದ್ದೇನೆ. ಟೈರನ್ನೂ 25ರಿಂದ 28 ಮಿಲಿಮೀಟರ್‌ಗೆ ಬದಲಾಯಿಸುತ್ತೇನೆ. ತೂಕ ಇನ್ನೂ ಸ್ವಲ್ಪ ಏರುತ್ತದೆ. ಮಡ್‌ಗಾರ್ಡ್ ಮಾತ್ರ ಪ್ಲಾಸ್ಟಿಕ್ ಬೇಡ, ಹೊಳೆಯುವ ಅಲ್ಯೂಮಿನಿಯಂ ಬೇಕು ಅಂತ ಅಂಗಡಿಯವರಿಗೆ ಹೇಳಿದ್ದೇನೆ.